ಎಲೆಕ್ಟ್ರಿಕ್ ಕಾರಿನ ಎರಡನೇ ಬ್ಯಾಟರಿ

ಎಲೆಕ್ಟ್ರಿಕ್ ಕಾರು ಮಾರುವವರು ದೊಡ್ಡ ಬ್ಯಾಟರಿಯ ಬಗ್ಗೆ ಧಾರಾಳವಾಗಿ ಮಾತಾಡುತ್ತಾರೆ. ಎಷ್ಟು ದೂರ ಓಡುತ್ತದೆ, ಎಷ್ಟು ಹೊತ್ತಿನಲ್ಲಿ ಚಾರ್ಜ್ ಆಗುತ್ತದೆ, 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಎಂದೆಲ್ಲ ಹೇಳುತ್ತಾರೆ. ಅದೇ ಕಾರಿನ 12 ವೋಲ್ಟ್ ಬ್ಯಾಟರಿಯ ಸುದ್ದಿ ಎತ್ತುವುದಿಲ್ಲ. ಕಾರನ್ನು ಎಬ್ಬಿಸುವುದು ಮಾತ್ರ ಅದೇ. ಕಾರು ನಿಂತಾಗ, ಸಾಮಾನ್ಯವಾಗಿ 300–400 ವೋಲ್ಟಿನ ದೊಡ್ಡ ಬ್ಯಾಟರಿಯನ್ನು ಕಾಂಟ್ಯಾಕ್ಟರ್ ಎಂಬ ಸ್ವಿಚ್‌ಗಳು ಉಳಿದ ವೈರಿಂಗ್‌ನಿಂದ ಬೇರೆ ಮಾಡಿಟ್ಟಿರುತ್ತವೆ. ಅವು ಮತ್ತೆ ಕೂಡಿಕೊಳ್ಳಲು, ಬಾಗಿಲ ಲಾಕ್ ತೆರೆಯಲು, ಕಂಪ್ಯೂಟರ್ ಎಚ್ಚರವಾಗಲು 12 ವೋಲ್ಟ್ ಬೇಕು. ಅದು ಇಳಿದುಹೋದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕದಲದು. ಚಾರ್ಜರ್ ಸಿಕ್ಕಿಸಿದರೂ ಬಹುಪಾಲು ಕಾರುಗಳು ಚಾರ್ಜ್ ಆಗುವುದಿಲ್ಲ. ಇಷ್ಟು ಮುಖ್ಯವಾದ ಭಾಗದ ಸ್ಥಿತಿಯನ್ನು ಮಾಲೀಕರಿಗೆ ತೋರಿಸದಿರುವುದು ಕಾರು ತಯಾರಿಕೆಯ ದೊಡ್ಡ ಲೋಪವೆಂದೇ ನನ್ನ ತೀರ್ಮಾನ.

ಪೆಟ್ರೋಲ್ ಕಾರಿನಲ್ಲೂ ಇದೇ ಬ್ಯಾಟರಿ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅಲ್ಲಿ ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಸೋಲತೊಡಗಿದರೆ ಇಂಜಿನ್ ತಡವರಿಸುವ ಸದ್ದಿನಲ್ಲೇ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಅಂಥ ಭಾರವಿಲ್ಲ. ಮುಪ್ಪಾದ ಬ್ಯಾಟರಿಯೂ ನಿನ್ನೆಯವರೆಗೆ ಸರಿಯಾಗಿ ದುಡಿದು ಇಂದು ಒಮ್ಮೆಲೇ ಕೈಕೊಡುತ್ತದೆ. ಕಲಬುರಗಿ ಜಿಲ್ಲೆಯ ಬಿಸಿಲು ಈ ಮುಪ್ಪನ್ನು ಬೇಗ ತರುತ್ತದೆ. ಸೀಸ-ಆಮ್ಲದ ಬ್ಯಾಟರಿಯ ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಹಳೆಯ ಲೆಕ್ಕ. ಇಲ್ಲಿ ಮೇ ತಿಂಗಳಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುತ್ತದೆ. ಆಳಂದ ತಾಲ್ಲೂಕಿನ ಜಿಡಗಾ ಮಠಕ್ಕೆ ಬಂದವರ ಕಾರು ಬಯಲಲ್ಲಿ ನಿಂತು ಕಾದು ಸಂಜೆ ಬಾಗಿಲನ್ನೇ ತೆರೆಯದಿದ್ದರೆ, ಕಲಬುರಗಿಯಿಂದ ಮೆಕ್ಯಾನಿಕ್ ಬರಬೇಕು.

ಈಗಿನ ಅನೇಕ ಕಾರುಗಳು ನಿಂತಲ್ಲೇ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಚಾರ್ಜ್ ತುಂಬಿಕೊಳ್ಳುತ್ತವೆ ಎಂಬುದು ನಿಜ. ಆದರೆ ತುಂಬುವ ಘಟಕವೇ ಕೆಟ್ಟರೆ? 2024ರಲ್ಲಿ ಇದೇ ಕಾರಣಕ್ಕೆ ಹ್ಯುಂಡೈ ಭಾರತದಲ್ಲಿ 1,744 ಐಯಾನಿಕ್ 5 ಕಾರುಗಳನ್ನೂ ಕಿಯಾ 1,138 ಇವಿ6 ಕಾರುಗಳನ್ನೂ ತಪಾಸಣೆಗೆ ವಾಪಸ್ ಕರೆಸಿದವು. ಸೀಸದ ಬದಲು ಲಿಥಿಯಂ ಹಾಕಿದರೆ ಬಾಳಿಕೆ ಹೆಚ್ಚೀತು. ಈ ದೋಷಕ್ಕೆ ಅದು ಮದ್ದಲ್ಲ. ಚಿಕ್ಕ ಬ್ಯಾಟರಿಯನ್ನೇ ತೆಗೆದುಹಾಕಿ ಎನ್ನುವವರೂ ಇದ್ದಾರೆ. ಅದನ್ನು ಒಪ್ಪಲಾರೆ. ಅಪಘಾತದಲ್ಲಿ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದಮೇಲೂ ಲಾಕ್ ತೆರೆಯಬೇಕು, ಅಪಾಯ ಸೂಚಿಸುವ ದೀಪ ಮಿನುಗಬೇಕು.

ವೋಲ್ಟೇಜನ್ನು ಕಾರಿನ ಕಂಪ್ಯೂಟರ್ ಹೇಗೂ ಅಳೆಯುತ್ತಿರುತ್ತದೆ. ಅದನ್ನು ಪರದೆಯ ಮೇಲೆ ಕಾಣಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಈ ಭಾಗದವರಿಗೆ ಆ ಅಂಕಿ ಅರ್ಥವಾಗದೆಂಬ ನೆಪವೂ ನಿಲ್ಲದು: ಮನೆಯ ಇನ್ವರ್ಟರ್‌ಗೆ ಡಿಸ್ಟಿಲ್ಡ್ ವಾಟರ್ ಹಾಕುವವರಿಗೆ, ತೊಗರಿ ಹೊಲಕ್ಕೆ ಟ್ರ್ಯಾಕ್ಟರ್ ಒಯ್ಯುವವರಿಗೆ 12.6 ವೋಲ್ಟ್ ಎಂದರೆ ತುಂಬಿದೆ, 12ಕ್ಕಿಂತ ಕೆಳಗೆ ಎಂದರೆ ಬರಿದಾಗುತ್ತಿದೆ ಎಂದು ಒಮ್ಮೆ ಹೇಳಿದರೆ ಸಾಕು. ಬ್ಯಾಟರಿ ಬರಿದಾದರೂ ಕಾರನ್ನು ಎಬ್ಬಿಸಲು ಹೆಚ್ಚು ಕರೆಂಟು ಬೇಡ. ಇಂಜಿನ್ ಆರಿಸಿದ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ಜಂಪರ್ ಕೇಬಲ್ ಕೊಟ್ಟರೂ ಸಾಮಾನ್ಯವಾಗಿ ಅದು ಏಳುತ್ತದೆ. ಕೇಬಲ್ ಎಲ್ಲಿ ಹಾಕಬೇಕು, ರಿಮೋಟಿನೊಳಗೆ ಅಡಗಿದ ಲೋಹದ ಕೀಲಿ ಎಲ್ಲಿದೆ ಎಂಬುದನ್ನು ಕಂಪನಿಗಳು ಕನ್ನಡದಲ್ಲಿ ಒಂದು ಪುಟದಷ್ಟಾದರೂ ಅಚ್ಚು ಹಾಕಿ ಕಾರಿನ ಜೊತೆ ಕೊಡಬೇಕು.