ಲಿಂಕನ್ ಪ್ರತಿಮೆ: ಕೊಟ್ಟವರಾರು, ಪಡೆದವರಾರು?

ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದ ಲಿಂಕನ್ ಪಾರ್ಕಿನಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ಥಾಮಸ್ ಬಾಲ್ ಎಂಬ ಶಿಲ್ಪಿ ರಚಿಸಿದ ಈ ಕೃತಿ 1876ರ ಏಪ್ರಿಲ್ 14ರಂದು ಅನಾವರಣಗೊಂಡಿತು. ಅದರಲ್ಲಿ ಅಬ್ರಹಾಂ ಲಿಂಕನ್ ನೆಟ್ಟಗೆ ನಿಂತಿದ್ದಾನೆ. ಬಲಗೈಯಲ್ಲಿ ದಾಸ್ಯವಿಮೋಚನೆಯ ಘೋಷಣಾಪತ್ರ. ಎಡಗೈ ಒಬ್ಬ ಕಪ್ಪು ಮನುಷ್ಯನ ಮೇಲೆ ಚಾಚಿದೆ. ಆ ಮನುಷ್ಯ ಅರೆಬೆತ್ತಲೆಯಾಗಿ, ಮೊಣಕಾಲೂರಿ, ಲಿಂಕನ್ನನ ಪಾದದ ಬಳಿ ಇದ್ದಾನೆ. ಅವನ ಬೇಡಿಗಳು ಕಡಿದಿವೆ. ಆದರೆ ಅವನಿನ್ನೂ ಎದ್ದು ನಿಂತಿಲ್ಲ.

ಓದುಗರೇ, ಈ ಚಿತ್ರ ನಮಗೆ ಅಪರಿಚಿತವೇನಲ್ಲ. ಬಾಲ್ಯದಲ್ಲಿ ನಾವು ಕೇಳಿದ ಲಿಂಕನ್ ಕಥೆಯೂ ಇದೇ ಅಲ್ಲವೇ? ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದ ಬಾಲಕ ರಾಷ್ಟ್ರಾಧ್ಯಕ್ಷನಾದನು. ಗುಲಾಮರ ಗೋಳನ್ನು ಕಂಡು ಮರುಗಿದನು. ಒಂದು ಸಹಿ ಹಾಕಿ ಅವರೆಲ್ಲರನ್ನೂ ಬಿಡುಗಡೆ ಮಾಡಿದನು. ಕಥೆ ಹೃದಯಂಗಮವಾಗಿದೆ. ಆದರೆ ಸತ್ಯದ ಒರೆಗಲ್ಲಿಗೆ ಹಚ್ಚಿದಾಗ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಗುಲಾಮಗಿರಿ ಅನ್ಯಾಯವೆಂಬುದರಲ್ಲಿ ಲಿಂಕನ್ನನಿಗೆ ಎಂದೂ ಸಂದೇಹವಿರಲಿಲ್ಲ. ಒಬ್ಬನು ಬೆವರು ಸುರಿಸಿ ಗಳಿಸಿದ ಅನ್ನವನ್ನು ಇನ್ನೊಬ್ಬನು ಕುಳಿತು ಉಣ್ಣುವುದು ಅಧರ್ಮವೆಂದು ಅವನು ಬಗೆದಿದ್ದನು. ಕಾಯಕದ ಮಹತ್ವವನ್ನು ಅರಿತ ನಮಗೆ ಈ ಮಾತು ಸಹಜವಾಗಿಯೇ ಹಿಡಿಸುತ್ತದೆ. ಆದರೆ ಇದೇ ಲಿಂಕನ್ 1858ರಲ್ಲಿ ಇಲಿನಾಯ್ ಪ್ರಾಂತದ ಸಾರ್ವಜನಿಕ ವಾದಗಳಲ್ಲಿ, ಕಪ್ಪುಜನರಿಗೆ ಸಾಮಾಜಿಕ ಹಾಗೂ ರಾಜಕೀಯ ಸಮಾನತೆ ಕೊಡುವುದು ತನ್ನ ಅಭಿಮತವಲ್ಲವೆಂದು ಹೇಳಿದ್ದನು. 1861ರ ಮಾರ್ಚಿನಲ್ಲಿ ಅಧಿಕಾರ ವಹಿಸಿಕೊಳ್ಳುವಾಗ, ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದರ ಗೊಡವೆಗೆ ಹೋಗುವುದಿಲ್ಲವೆಂದು ಭರವಸೆ ಕೊಟ್ಟನು. ಆಗ ಆ ದೇಶದಲ್ಲಿ ಸುಮಾರು 39 ಲಕ್ಷ ಜನ ಗುಲಾಮರಿದ್ದರು!

ಆ ಏಪ್ರಿಲ್ ತಿಂಗಳಲ್ಲಿ ಅಂತರ್ಯುದ್ಧ ಆರಂಭವಾಯಿತು. ಲಿಂಕನ್ನನ ಮೊದಲ ಗುರಿ ಒಡೆದ ಒಕ್ಕೂಟವನ್ನು ಕೂಡಿಸುವುದೇ ಆಗಿತ್ತು. ಫ್ರೆಮಾಂಟ್ ಮತ್ತು ಹಂಟರ್ ಎಂಬ ಸೇನಾನಿಗಳು ತಮ್ಮ ತಮ್ಮ ವಲಯಗಳಲ್ಲಿ ಗುಲಾಮರ ಬಿಡುಗಡೆ ಸಾರಿದಾಗ ಅವನು ಆ ಆಜ್ಞೆಗಳನ್ನು ರದ್ದುಗೊಳಿಸಿದನು. 1862ರ ಆಗಸ್ಟಿನಲ್ಲಿ ತನ್ನನ್ನು ಕಾಣಬಂದ ಕಪ್ಪುಜನರ ನಿಯೋಗಕ್ಕೆ, ಈ ದೇಶವನ್ನು ಬಿಟ್ಟು ಬೇರೆಡೆ ನೆಲೆಸುವುದು ಲೇಸೆಂದು ಉಪದೇಶಿಸಿದನು. ಹುಟ್ಟಿ ಬೆಳೆದ ನೆಲದಲ್ಲೇ ಅವರಿಗೆ ಈ ಮಾತು ಕೇಳಬೇಕಾಯಿತು.

ಇಷ್ಟರಿಂದಲೇ ಅವನನ್ನು ಕಪಟಿಯೆಂದು ತೀರ್ಮಾನಿಸುವುದು ನ್ಯಾಯವಾಗಲಾರದು. ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲಾವೇರ್ ಈ ನಾಲ್ಕು ರಾಜ್ಯಗಳು ಗುಲಾಮಗಿರಿಯನ್ನು ಇಟ್ಟುಕೊಂಡೂ ಒಕ್ಕೂಟದಲ್ಲಿ ಉಳಿದಿದ್ದವು. ಅವು ಕೈಬಿಟ್ಟರೆ ಯುದ್ಧವೇ ಕೈಬಿಟ್ಟಂತೆ ಎಂಬ ಭಯ ಅವನಿಗಿತ್ತು. ಸಂವಿಧಾನದ ಕಟ್ಟುಗಳೂ ಇದ್ದವು. ಆದ್ದರಿಂದಲೇ 1863ರ ಜನವರಿ 1ರ ಘೋಷಣೆ ಯುದ್ಧಕಾಲದ ಸೇನಾಧಿಪತಿಯ ಅಧಿಕಾರದಿಂದ ಹೊರಟ ಆಜ್ಞೆಯಾಯಿತು. ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅದು ಅನ್ವಯವಾಯಿತು. ಆ ನಾಲ್ಕು ರಾಜ್ಯಗಳು, ಟೆನೆಸ್ಸಿ, ಲೂಸಿಯಾನ ಮತ್ತು ವರ್ಜೀನಿಯಗಳ ಕೆಲವು ಭಾಗಗಳು ಹೊರಗುಳಿದವು. ಅದರ ಭಾಷೆಯೂ ಕಾನೂನಿನ ಶುಷ್ಕ ಭಾಷೆಯೇ. ಆದರೂ ಆ ದಿನದಿಂದ ಒಕ್ಕೂಟದ ಸೈನ್ಯ ಮುಂದೆ ಸಾಗಿದಂತೆಲ್ಲ ಬಿಡುಗಡೆಯೂ ಮುಂದೆ ಸಾಗಿತು. ಯುದ್ಧದ ಅರ್ಥವೇ ಬದಲಾಯಿತು.

ಈ ಬದಲಾವಣೆಗೆ ಪ್ರೇರಕರಾರು? ಪ್ರತಿಮೆ ಮರೆಮಾಚಿರುವ ಸಂಗತಿ ಇಲ್ಲಿದೆ. 1861ರ ಮೇ ತಿಂಗಳಲ್ಲಿ, ಘೋಷಣೆಗೆ ಒಂದೂವರೆ ವರ್ಷ ಮೊದಲೇ, ಬೇಕರ್, ಮ್ಯಾಲರಿ, ಟೌನ್‌ಸೆಂಡ್ ಎಂಬ ಮೂವರು ಗುಲಾಮರು ವರ್ಜೀನಿಯದ ಮನ್ರೊ ಕೋಟೆಗೆ ಓಡಿಬಂದು ಆಶ್ರಯ ಬೇಡಿದರು. ಸೇನಾನಿ ಬಟ್ಲರ್ ಅವರನ್ನು ಒಡೆಯನಿಗೆ ಮರಳಿಸಲು ಒಪ್ಪಲಿಲ್ಲ. ಮೂವರ ಹಿಂದೆ ನೂರಾರು ಜನ, ನೂರಾರು ಜನರ ಹಿಂದೆ ಸಾವಿರಾರು ಜನ ಬಂದರು. ಸರಕಾರ ಎತ್ತಲು ಹಿಂಜರಿಯುತ್ತಿದ್ದ ಪ್ರಶ್ನೆಯನ್ನು ಅವರು ತಮ್ಮ ಕಾಲ್ನಡಿಗೆಯಿಂದಲೇ ಎತ್ತಿದರು. ಮುಂದೆ ಸುಮಾರು 1,80,000 ಕಪ್ಪುಜನರು ಆ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಇವರಿಲ್ಲದೆ ಗೆಲುವು ಸಾಧ್ಯವಿಲ್ಲವೆಂಬುದನ್ನು ಲಿಂಕನ್ ತಾನೇ ಮನಗಂಡನು.

ನಮ್ಮ ದೃಷ್ಟಿಯಲ್ಲಿ ಲಿಂಕನ್ನನ ನಿಜವಾದ ಹಿರಿಮೆ ಇರುವುದು ಇಲ್ಲಿಯೇ. ಅವನು ಕಲಿತನು. ಘೋಷಣೆ ಯುದ್ಧದೊಡನೆಯೇ ಮುಗಿದುಹೋಗಬಾರದೆಂದು ಸಂವಿಧಾನದ ತಿದ್ದುಪಡಿಗಾಗಿ ದುಡಿದನು. 1865ರ ಜನವರಿ 31ರಂದು ಪ್ರತಿನಿಧಿ ಸಭೆ 119 ಮತಗಳಿಂದ, 56ರ ವಿರೋಧದ ನಡುವೆ, ಅದನ್ನು ಅಂಗೀಕರಿಸಿತು. ಆ ಮಾರ್ಚಿನ ಎರಡನೆಯ ಪದಗ್ರಹಣ ಭಾಷಣದಲ್ಲಿ ಗುಲಾಮಗಿರಿಯ ಪಾಪವನ್ನು ದಕ್ಷಿಣದವರ ಮೇಲಷ್ಟೇ ಹೊರಿಸದೆ ಇಡೀ ದೇಶದ ಪಾಪವೆಂದು ಒಪ್ಪಿಕೊಂಡನು. ಏಪ್ರಿಲ್ 11ರಂದು ಕಪ್ಪುಜನರಲ್ಲಿ ವಿದ್ಯಾವಂತರಿಗೂ ಸೈನಿಕರಿಗೂ ಮತಾಧಿಕಾರ ದೊರೆಯಬೇಕೆಂದು ಬಹಿರಂಗವಾಗಿ ನುಡಿದನು. ಆ ಮಾತನ್ನು ಕೇಳಿಸಿಕೊಂಡವರಲ್ಲಿ ಬೂತ್ ಎಂಬವನೂ ಇದ್ದನು. ಮೂರು ದಿನಗಳ ತರುವಾಯ ಅವನೇ ಲಿಂಕನ್ನನನ್ನು ಗುಂಡಿಟ್ಟು ಕೊಂದನು. ತಿದ್ದುಪಡಿ ಅದೇ ಡಿಸೆಂಬರಿನಲ್ಲಿ ಜಾರಿಗೆ ಬಂದಿತು.

ಈಗ ಮತ್ತೆ ಪ್ರತಿಮೆಯತ್ತ ತಿರುಗೋಣ. ಅದಕ್ಕೆ ಮೊದಲ ಹಣ ಕೊಟ್ಟವಳು ಷಾರ್ಲಟ್ ಸ್ಕಾಟ್, ಹಿಂದೆ ಗುಲಾಮಳಾಗಿದ್ದ ಹೆಣ್ಣುಮಗಳು. ಲಿಂಕನ್ನನ ಮರಣವಾರ್ತೆ ಕೇಳಿ, ಸ್ವತಂತ್ರಳಾಗಿ ದುಡಿದು ಗಳಿಸಿದ ಐದು ಡಾಲರುಗಳನ್ನು ಅವಳು ಒಪ್ಪಿಸಿದಳು. ಬಿಡುಗಡೆ ಹೊಂದಿದ ಇತರರೂ, ಕಪ್ಪು ಸೈನಿಕರೂ ಹಣ ಕೂಡಿಸಿದರು. ಆದರೆ ಪ್ರತಿಮೆ ಹೇಗಿರಬೇಕೆಂಬ ನಿರ್ಣಯ ಅವರ ಕೈಯಲ್ಲಿರಲಿಲ್ಲ. ಅದು ಬಿಳಿಯರ ಸಂಸ್ಥೆಯೊಂದರ ಕೈಯಲ್ಲಿತ್ತು. ಮೊಣಕಾಲೂರಿದವನ ಮುಖಕ್ಕೆ ಮಾದರಿಯಾದ ಆರ್ಚರ್ ಅಲೆಗ್ಸಾಂಡರ್ ಮಿಸೌರಿಯ ಗುಲಾಮನು. ಅವನು 1863ರಲ್ಲಿ ಒಡೆಯನಿಂದ ತಾನೇ ತಪ್ಪಿಸಿಕೊಂಡು ಬಂದವನು. ಮಿಸೌರಿಗೆ ಆ ಘೋಷಣೆ ಅನ್ವಯಿಸುತ್ತಲೇ ಇರಲಿಲ್ಲ! ಸ್ವಸಾಮರ್ಥ್ಯದಿಂದ ಬಿಡುಗಡೆ ಗಳಿಸಿದವನು ಕಂಚಿನಲ್ಲಿ ಬೇಡುವವನಾದನು, ಕೊಟ್ಟವರು ಪಡೆದವರಾದರು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಾನದಲ್ಲಿ 'ನಾನು ಕೊಟ್ಟೆ' ಎಂಬ ಭಾವ ಉಳಿಯಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ, ಪಂಕ್ತಿಯಲ್ಲಿ ಕುಳಿತವನು ತಲೆ ತಗ್ಗಿಸಬೇಕಾಗಿಲ್ಲ. ಥಾಮಸ್ ಬಾಲ್‌ನ ಪ್ರತಿಮೆ ಸ್ವಾತಂತ್ರ್ಯವನ್ನು ದಾನವಾಗಿ ಕಂಡಿದೆ. ಅದರ ಮುಖ್ಯ ದೋಷವೇ ಇದು. ದಾನವಾಗಿ ಬಂದ ಸ್ವಾತಂತ್ರ್ಯ ಪಡೆದವನನ್ನು ಎಂದೆಂದಿಗೂ ಋಣಿಯನ್ನಾಗಿಯೇ ಇರಿಸುತ್ತದೆ.

ಇದನ್ನು ಮೊದಲು ಗುರುತಿಸಿದವನು ಫ್ರೆಡರಿಕ್ ಡಗ್ಲಾಸ್. 1838ರಲ್ಲಿ ಗುಲಾಮಗಿರಿಯಿಂದ ಓಡಿಬಂದ ಈ ಮಹಾ ವಾಗ್ಮಿಯೇ ಅನಾವರಣದ ದಿನದ ಮುಖ್ಯ ಭಾಷಣಕಾರನು. ಅಧ್ಯಕ್ಷ ಗ್ರಾಂಟನ ಸಮ್ಮುಖದಲ್ಲಿಯೇ, ಲಿಂಕನ್ ಮೊದಲಿಗೆ ಬಿಳಿಯರ ಅಧ್ಯಕ್ಷನಾಗಿದ್ದನೆಂದೂ ತಾವು ಅವನಿಗೆ ಮಲಮಕ್ಕಳಂತಿದ್ದೆವೆಂದೂ ಅವನು ಹೇಳಿದನು. ಗುಲಾಮಗಿರಿಯ ವಿರೋಧಿಗಳ ಕಣ್ಣಿನಿಂದ ನೋಡಿದರೆ ಲಿಂಕನ್ ನಿಧಾನಿ, ತನ್ನ ದೇಶದ ಜನಾಭಿಪ್ರಾಯದಿಂದ ಅಳೆದರೆ ತೀವ್ರಗಾಮಿ ಎಂದು ತೂಗಿ ನುಡಿದನು. ಕೆಲವೇ ದಿನಗಳಲ್ಲಿ ಪತ್ರಿಕೆಯೊಂದಕ್ಕೆ ಬರೆದು, ಕಪ್ಪು ಮನುಷ್ಯನು ಮೊಣಕಾಲೂರದೆ ಎದ್ದು ನಿಂತಿರುವುದನ್ನು ಕಾಣುವಾಸೆ ತನಗಿದೆಯೆಂದೂ, ಒಂದೇ ಸ್ಮಾರಕ ಪೂರ್ಣಸತ್ಯವನ್ನು ಹೇಳಲಾರದೆಂದೂ ತಿಳಿಸಿದನು. ಪ್ರಶಂಸೆ, ವಿಮರ್ಶೆ ಎರಡೂ ಒಬ್ಬನ ಬಾಯಲ್ಲಿ ಕಲೆತಿರುವುದು ಅಪೂರ್ವ.

1974ರಲ್ಲಿ ಅದೇ ಉದ್ಯಾನದಲ್ಲಿ ಕಪ್ಪುಜನರ ಶಿಕ್ಷಣಕ್ಕಾಗಿ ಬಾಳು ಸವೆಸಿದ ಮೇರಿ ಮೆಕ್ಲಿಯೊಡ್ ಬೆಥೂನ್ ಅವರ ಪ್ರತಿಮೆ ಸ್ಥಾಪಿತವಾಯಿತು. ಅದಕ್ಕೆ ಎದುರಾಗುವಂತೆ ಲಿಂಕನ್ನನ ಪ್ರತಿಮೆಯನ್ನು ತಿರುಗಿಸಿ ಇರಿಸಲಾಯಿತು. ಬಾಸ್ಟನ್ ನಗರದಲ್ಲಿದ್ದ ಇದರ ಪ್ರತಿಕೃತಿಯನ್ನು 2020ರಲ್ಲಿ ತೆಗೆದುಹಾಕಿದರು. ತೆಗೆಯುವುದಕ್ಕಿಂತ ಎದುರಿಗೆ ಇನ್ನೊಂದನ್ನು ನಿಲ್ಲಿಸುವುದೇ ಡಗ್ಲಾಸನ ಮಾತಿಗೆ ಹೆಚ್ಚು ಹತ್ತಿರವೆಂದು ನಮಗೆ ತೋರುತ್ತದೆ.

ಭಕ್ತಿಯಿಂದ ಚರಿತ್ರೆ ಓದುವವರಾದ ನಾವು ಇದರಿಂದ ತಿಳಿಯಬೇಕಾದುದೊಂದಿದೆ. ಮಹಾಪುರುಷರನ್ನು ಹುಟ್ಟಿನಿಂದಲೇ ನಿರ್ದೋಷಿಗಳೆಂದು ಬಣ್ಣಿಸಿದರೆ ಅವರು ಪಟ್ಟ ಸಾಧನೆಯನ್ನೇ ಅಳಿಸಿದಂತಾಗುತ್ತದೆ. ಅವರೊಡನೆ ಹೋರಾಡಿದ ಅನಾಮಿಕರ ಋಣವನ್ನೂ ಮರೆತಂತಾಗುತ್ತದೆ. ಲಿಂಕನ್ನನಿಗೆ ಕೈಮುಗಿಯುವವರು ಮನ್ರೊ ಕೋಟೆಯ ಬಾಗಿಲಿಗೆ ಬಂದು ನಿಂತ ಆ ಮೂವರನ್ನೂ ನೆನೆಯಲಿ.