ಮಾತಿನ ಪೆಟ್ಟಿಗೆಗೆ ಮೊದಲ ಮಣೆ

ಹೋಮ್ ಥಿಯೇಟರ್ ಹಾಕಿಸಬೇಕೆಂದು ಸಲಹೆ ಕೇಳುವವರು ಮೊದಲು ಎತ್ತುವುದು ಸಬ್‌ವೂಫರಿನ ಮಾತನ್ನೇ. ಎಷ್ಟು ಇಂಚಿನದು ಒಳ್ಳೆಯದು, ಎಷ್ಟು ವಾಟ್ ಬೇಕು, ಕಿಟಕಿ ಅದುರುತ್ತದಾ? ನಾನು ತಿರುಗಿ ಕೇಳುವುದು ಬೇರೆ. ಮನೆಯಲ್ಲಿ ಎಷ್ಟು ಜನ ಒಟ್ಟಿಗೆ ಕೂತು ನೋಡುತ್ತೀರಿ, ಯಾರು ಎಲ್ಲಿ ಕೂರುತ್ತಾರೆ, ಹೆಚ್ಚಾಗಿ ನೋಡುವುದೇನು? ನಮ್ಮ ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಉತ್ತರ ಹೆಚ್ಚುಕಡಿಮೆ ಒಂದೇ: ಸಿನಿಮಾ, ಯಕ್ಷಗಾನ, ಸಂಜೆಯ ಧಾರಾವಾಹಿ. ಮೂರರ ಜೀವವೂ ಇರುವುದು ಮಾತಿನಲ್ಲಿ. ಆ ಮಾತು ಬರುವುದು ಟಿವಿಯ ಕೆಳಗೆ ಕೂರುವ ನಡು ಪೆಟ್ಟಿಗೆಯಿಂದ, ಅಂದರೆ ಸೆಂಟರ್ ಚಾನೆಲ್ ಸ್ಪೀಕರಿನಿಂದ. ಕೈಯಲ್ಲಿರುವ ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಗಲಿ, ಆ ಪೆಟ್ಟಿಗೆ ಆಕ್ಟಿವ್ ಆಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಕಡೆಯ ಮಾತಿಗಂತೂ ಇದು ಇನ್ನೂ ಮುಖ್ಯ. ಕುಂದಾಪ್ರ ಕನ್ನಡ ವೇಗವಾಗಿ ಓಡುತ್ತದೆ, ಪದದ ಕೊನೆಯ ಸ್ವರವನ್ನು ಉದುರಿಸಿಕೊಂಡೇ ಓಡುತ್ತದೆ. ಮಾತಿನಲ್ಲಿ ಸ್ವರಗಳ ಶಕ್ತಿ ಬಹುಪಾಲು 1,000 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಕ, ತ, ಪ, ಸ ಎಂದು ಬೇರೆ ಮಾಡಿ ತೋರಿಸುವ ಸುಳಿವುಗಳು 2,000ದಿಂದ 4,000 ಹರ್ಟ್ಸ್ ಸುತ್ತಮುತ್ತ ಇರುತ್ತವೆ, ಅದೂ ಬಹಳ ಮೆಲ್ಲಗೆ. ಸ್ವರ ಉದುರಿದ ಮೇಲೆ ಅರ್ಥದ ಭಾರವೆಲ್ಲ ಆ ಮೆಲುದನಿಯ ವ್ಯಂಜನಗಳ ಮೇಲೆಯೇ. ಕೆರಾಡಿಯ ರಿಷಬ್ ಶೆಟ್ಟಿ ನಿರ್ದೇಶಿಸಿದ, 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ವನ್ನು ಮನೆಯಲ್ಲಿ ಹಾಕಿ ನೋಡಿ. ಕೊನೆಯಲ್ಲಿ ಬರುವ ಗುಳಿಗ ದೈವದ ಕೂಗು ಯಾವ ಸ್ಪೀಕರಿನಲ್ಲೂ ಕೇಳುತ್ತದೆ. ಕಥಾನಾಯಕ ಶಿವ ಮತ್ತು ಅವನ ಗೆಳೆಯರ ಹರಟೆ, ಕೀಟಲೆ, ಗೊಣಗಾಟ ಸಬ್‌ಟೈಟಲ್ ಇಲ್ಲದೆ ಪೂರ್ತಿ ತಿಳಿದರೆ ನಿಮ್ಮ ಸೆಂಟರ್ ಚೆನ್ನಾಗಿದೆ ಎಂದರ್ಥ.

ನಡುವಿನ ಸ್ಪೀಕರ್ ನಿನ್ನೆ ಮೊನ್ನೆಯ ಶೋಕಿಯಲ್ಲ. 1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಯುತ್ತಿದ್ದ ಆರ್ಕೆಸ್ಟ್ರಾವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಮುಟ್ಟಿಸಿದಾಗಲೇ ಮೂರು ಮೈಕು, ಮೂರು ಲೈನು, ಮೂರು ಸ್ಪೀಕರು ಬಳಸಿದ್ದರು. ಎರಡೇ ಸ್ಪೀಕರ್ ಇದ್ದರೆ ನಟ್ಟನಡುವೆ ಕೂತವರಿಗೆ ಮಾತ್ರ ನಡುವಿನ ದನಿ ನಡುವಿನಿಂದ ಬರುತ್ತದೆ. ಬದಿಗೆ ಸರಿದವರಿಗೆ ಅದು ಹತ್ತಿರದ ಸ್ಪೀಕರಿಗೆ ಜಾರಿಬಿಡುತ್ತದೆ. ನಟ್ಟನಡುವೆ ಕೂತವರಿಗೂ ಒಂದು ನಷ್ಟವಿದೆ: ಎರಡೂ ಸ್ಪೀಕರುಗಳ ದನಿ ಒಂದೊಂದು ಕಿವಿಗೂ ಚೂರು ಹಿಂದುಮುಂದಾಗಿ ತಲುಪುವುದರಿಂದ 2,000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಕುಳಿ ಬೀಳುತ್ತದೆ. ವ್ಯಂಜನದ ಜಾಗವೇ ಅದು.

ಇನ್ನು ಆಕ್ಟಿವ್ ವಿಚಾರ. ಸಾಮಾನ್ಯವಾದ ಪ್ಯಾಸಿವ್ ಸ್ಪೀಕರಿಗೆ ಎವಿ ರಿಸೀವರಿನ ಆಂಪ್ಲಿಫೈಯರಿನಿಂದ ಶಕ್ತಿ ಬರುತ್ತದೆ. ಬಂದ ಮೇಲೆ ಪೆಟ್ಟಿಗೆಯೊಳಗಿನ ಕಾಯಿಲ್, ಕೆಪಾಸಿಟರುಗಳ ಕ್ರಾಸ್‌ಓವರ್ ಅದನ್ನು ವೂಫರಿಗಿಷ್ಟು, ಟ್ವೀಟರಿಗಿಷ್ಟು ಎಂದು ಪಾಲು ಮಾಡುತ್ತದೆ. ಆಕ್ಟಿವ್‌ನಲ್ಲಿ ಪಾಲು ಮೊದಲು, ಆಂಪ್ಲಿಫೈಯರ್ ಆಮೇಲೆ. ಸಿಗ್ನಲ್ ಇನ್ನೂ ಸಣ್ಣದಿರುವಾಗಲೇ ಅದನ್ನು ಒಡೆದು, ಒಂದೊಂದು ಡ್ರೈವರಿಗೆ, ಅಂದರೆ ವೂಫರಿಗೂ ಟ್ವೀಟರಿಗೂ, ಅದರದೇ ಆಂಪ್ಲಿಫೈಯರ್ ಕೊಟ್ಟಿರುತ್ತಾರೆ. ಡ್ರೈವರಿನ ಸ್ವಭಾವ ತಿಳಿದ ಕೈಯೇ ಆಂಪ್ಲಿಫೈಯರನ್ನೂ ಕೂಡಿಸಿರುವುದರಿಂದ ದನಿಯ ಸಮತೋಲ, ಡ್ರೈವರ್ ಸುಡದಂಥ ರಕ್ಷಣೆ ಎರಡೂ ಕಾರ್ಖಾನೆಯಲ್ಲೇ ಮುಗಿದಿರುತ್ತವೆ. ಫಿನ್‌ಲೆಂಡಿನ ಜೆನೆಲೆಕ್ ಕಂಪೆನಿ 1978ರಿಂದ ಈ ದಾರಿಯಲ್ಲೇ ಇದೆ. ಯಮಹಾದ ಎಚ್‌ಎಸ್ ಸರಣಿಯಂಥ ಸ್ಟುಡಿಯೋ ಮಾನಿಟರುಗಳೂ ಇದೇ ಜಾತಿ. ‘ಪವರ್ಡ್’ ಎಂದು ಬರೆದದ್ದೆಲ್ಲ ಆಕ್ಟಿವ್ ಅಲ್ಲ. ಒಳಗೆ ಒಂದೇ ಆಂಪ್ಲಿಫೈಯರ್ ಇಟ್ಟು ಅದರಾಚೆ ಹಳೆಯ ಕ್ರಾಸ್‌ಓವರನ್ನೇ ಉಳಿಸಿದವೂ ಇವೆ. ವಿವರದ ಹಾಳೆಯಲ್ಲಿ ವೂಫರಿಗೆ ಇಷ್ಟು ವಾಟ್, ಟ್ವೀಟರಿಗೆ ಇಷ್ಟು ವಾಟ್ ಎಂದು ಎರಡು ಲೆಕ್ಕ ಕೊಟ್ಟಿದ್ದಾರೆಯೇ ನೋಡಿ.

ಆಯ್ಕೆಯಲ್ಲಿ ಬಹಳ ಜನ ಎಡವುವುದು ಆಕಾರದಲ್ಲಿ. ಸೆಂಟರ್ ಎಂದ ಕೂಡಲೇ ನಡುವೆ ಟ್ವೀಟರ್, ಆಚೆಯೀಚೆ ಒಂದೊಂದು ವೂಫರ್ ಇರುವ ಅಡ್ಡ ಪೆಟ್ಟಿಗೆ ಕಣ್ಣಿಗೆ ಬರುತ್ತದೆ. ಟಿವಿ ಕೆಳಗೆ ಚಂದ ಕೂರುತ್ತದೆ ನಿಜ. ಬೈಂದೂರು ಕಡೆಯ ಒಂದು ಮನೆಯಲ್ಲಿ ಇಂಥದ್ದನ್ನು ಕೇಳುತ್ತಿದ್ದೆ. ಎದುರು ಸೋಫಾದಲ್ಲಿ ಕೂತ ನಮಗೆ ಯಾವ ತೊಂದರೆಯೂ ಇರಲಿಲ್ಲ. ಬದಿಯ ಒಂಟಿ ಸೋಫಾದಲ್ಲಿದ್ದ ಮನೆಯ ಹಿರಿಯರು ಮಾತ್ರ ಮತ್ತೆ ಮತ್ತೆ ಮೊಮ್ಮಗನ ಕಡೆ ವಾಲಿ, ‘ಹೋಯ್, ಅವ ಎಂತ ಹೇಳ್ದ ಮಾರಾಯಾ?’ ಎಂದು ಕೇಳುತ್ತಿದ್ದರು. ವಯಸ್ಸಾಯಿತು, ಕಿವಿ ಮಂದ ಎಂದು ಮನೆಯವರು ತಿಳಿದಿದ್ದರು. ಅವರನ್ನು ಕರೆದು ನಡುವೆ ಕೂರಿಸಿದೆವು. ಆಮೇಲೆ ಆ ಪ್ರಶ್ನೆ ಬರಲಿಲ್ಲ.

ಹೀಗಾಗುವುದರ ಲೆಕ್ಕ ಸರಳ. ಎರಡು ವೂಫರುಗಳ ನಡುವಿನ ಅಂತರ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 30 ಡಿಗ್ರಿ ಬದಿಯಲ್ಲಿ ಕೂತವರಿಗೆ ಒಂದು ವೂಫರಿನ ದನಿ ಇನ್ನೊಂದಕ್ಕಿಂತ 15 ಸೆಂಟಿಮೀಟರ್ ಹೆಚ್ಚು ದಾರಿ ಸವೆಸಿ ಬರುತ್ತದೆ. ನಮ್ಮ ಸೆಖೆಯ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. 1,160 ಹರ್ಟ್ಸ್‌ನ ಅಲೆಯ ಅರ್ಧ ಉದ್ದ ಹೆಚ್ಚುಕಡಿಮೆ ಆ 15 ಸೆಂಟಿಮೀಟರೇ. ಒಂದು ವೂಫರ್ ತಳ್ಳುವಾಗ ಇನ್ನೊಂದು ಎಳೆದ ಹಾಗಾಗಿ, ಆ ಸುತ್ತಿನ ದನಿ ಬಹುಪಾಲು ಅಳಿಸಿಹೋಗುತ್ತದೆ. ಮೂರು ಮೀಟರ್ ದೂರದಲ್ಲಿ 30 ಡಿಗ್ರಿ ಎಂದರೆ ನಡುವಿನಿಂದ ಸುಮಾರು ಐದೂಮುಕ್ಕಾಲು ಅಡಿ. ನಮ್ಮ ಹಾಲುಗಳಲ್ಲಿ ಬದಿ ಸೋಫಾ ಇರುವುದೇ ಅಲ್ಲಿ.

ಆದ್ದರಿಂದ ಜಾಗವಿದ್ದರೆ ವೂಫರಿನ ಮೇಲೆ ಟ್ವೀಟರ್ ಇರುವ ಸಾಮಾನ್ಯ ಆಕ್ಟಿವ್ ಮಾನಿಟರನ್ನು ನೆಟ್ಟಗೇ ನಿಲ್ಲಿಸಿ. ಟಿವಿಯನ್ನು ಒಂದು ಗೇಣು ಮೇಲೆ ಎತ್ತಬೇಕಾದರೆ ಎತ್ತಿ. ಜಾಗವಿಲ್ಲವೆಂದರೆ ವೂಫರಿನ ನಟ್ಟನಡುವೆಯೇ ಟ್ವೀಟರ್ ಕೂಡಿಸಿದ ಕೋಆಕ್ಸಿಯಲ್ ಸ್ಪೀಕರ್ ತನ್ನಿ, ಅದು ಯಾವ ಮಗ್ಗುಲಿಗೆ ಮಲಗಿಸಿದರೂ ಒಂದೇ. ಎರಡು ವೂಫರ್ ಮಲಗಿಸಿ ಮೇಲೆ ಮಿಡ್‌ರೇಂಜ್, ಅದರ ಮೇಲೆ ಟ್ವೀಟರ್ ಇರುವ ಮೂರು ದಾರಿಯದ್ದೂ ಆದೀತು. ಎಡ, ನಡು, ಬಲ ಮೂರೂ ಒಂದೇ ಮಾದರಿಯಾದರೆ ಅದಕ್ಕಿಂತ ಒಳ್ಳೆಯದಿಲ್ಲ; ಪರದೆಯ ಈ ತುದಿಯಿಂದ ಆ ತುದಿಗೆ ನಡೆಯುವ ಪಾತ್ರದ ದನಿ ನಡುವೆ ಬಣ್ಣ ಬದಲಿಸುವುದಿಲ್ಲ. ಈಗ ಒಂದಕ್ಕೇ ಕೈ ಸಾಗುವುದಾದರೆ ಒಂದನ್ನೇ ತನ್ನಿ, ಉಳಿದೆರಡು ಮುಂದಿನ ವರ್ಷಕ್ಕಿರಲಿ.

ಜೋಡಣೆಗೆ ರಿಸೀವರಿನಲ್ಲಿ ಸೆಂಟರಿನ ಪ್ರಿ-ಔಟ್, ಅಂದರೆ ಆಂಪ್ಲಿಫೈಯರಿಗೆ ಹೋಗುವ ಮೊದಲಿನ ಸಣ್ಣ ಸಿಗ್ನಲ್ ಹೊರಬರುವ ಕಿಂಡಿ, ಬೇಕೇ ಬೇಕು. ಕಡಿಮೆ ದರದ ರಿಸೀವರುಗಳಲ್ಲಿ ಸಬ್‌ವೂಫರಿನ ಪ್ರಿ-ಔಟ್ ಮಾತ್ರ ಇರುವುದು ಸಾಮಾನ್ಯ. ಡೆನಾನ್ ಎವಿಆರ್-ಎಕ್ಸ್3800ಎಚ್‌ನಂಥ ಮಧ್ಯಮ ದರ್ಜೆಯದರಲ್ಲಿ ಎಲ್ಲ ಚಾನೆಲ್ಲಿಗೂ ಇದೆ. ಕೊಳ್ಳುವ ಮೊದಲು ಹಿಂಬದಿಯ ಫೋಟೊ ನೋಡಿ. ಇದ್ದ ರಿಸೀವರಿನ ಸ್ಪೀಕರ್ ಟರ್ಮಿನಲ್‌ನಿಂದ ತಂತಿ ಎಳೆದು ಆಕ್ಟಿವ್ ಸ್ಪೀಕರಿನ ಲೈನ್ ಇನ್‌ಪುಟ್‌ಗೆ ಸಿಕ್ಕಿಸುವ ಸಾಹಸ ಯಾರೂ ಮಾಡಬಾರದು, ಎರಡರಲ್ಲೊಂದು ಸುಟ್ಟುಹೋದೀತು. ಪ್ರಿ-ಔಟ್ ಆರ್‌ಸಿಎ, ಸ್ಪೀಕರಿನದ್ದು ಎಕ್ಸ್‌ಎಲ್‌ಆರ್ ಆಗಿದ್ದರೆ ಎರಡು ಎಳೆಯ ಶೀಲ್ಡ್ ಕೇಬಲ್ ಮಾಡಿಸಿ: ಆರ್‌ಸಿಎಯ ನಡು ಪಿನ್ ಎಕ್ಸ್‌ಎಲ್‌ಆರ್‌ನ 2ಕ್ಕೆ, ಹೊರ ಉಂಗುರ 3ಕ್ಕೆ. ಯಕ್ಷಗಾನ, ನಾಟಕಗಳಿಗೆ ಧ್ವನಿವರ್ಧಕ ಕಟ್ಟುವವರಿಗೆ ಇದು ಅರ್ಧ ಗಂಟೆಯ ಕೆಲಸ.

ಸ್ಪೀಕರಿನ ಹಿಂದಿರುವ ಸೆನ್ಸಿಟಿವಿಟಿ ತಿರುಗಣೆಯನ್ನು ಮೊದಲು ಅರ್ಧದಲ್ಲಿಟ್ಟು, ರಿಸೀವರಿನ ಮೈಕು ಹಚ್ಚಿ ಅಳತೆ ಮಾಡಿಸಿ. ಸೆಂಟರಿನ ಮಟ್ಟ ಸೊನ್ನೆಯ ಆಸುಪಾಸಿಗೆ ಬಂದರೆ ಸರಿ. ಮೈನಸ್ 12 ಡೆಸಿಬಲ್ ಎಂದು ತೋರಿಸಿದರೆ ರಿಸೀವರ್ ತನ್ನ ಮಿತಿಗೆ ಬಂದು ನಿಂತಿದೆ ಎಂದರ್ಥ. ತಿರುಗಣೆ ತಗ್ಗಿಸಿ ಮತ್ತೆ ಅಳೆಯಿರಿ. ಟ್ವೀಟರಿನ ಸಣ್ಣ ಹಿಸ್ ದನಿಯೂ ಆಗ ಇಳಿಯುತ್ತದೆ. ಸೆಂಟರನ್ನು ‘ಸ್ಮಾಲ್’ ಎಂದು ಇಟ್ಟು 80 ಹರ್ಟ್ಸ್‌ನಲ್ಲಿ ಕತ್ತರಿಸಿ. ಅದಕ್ಕಿಂತ ಮೇಲೆ ಕತ್ತರಿಸಿದರೆ ಗಂಡುದನಿಯ ಬುಡ ಸಬ್‌ವೂಫರಿಗೆ ಹೋಗಿ ಮಾತು ಎರಡು ಕಡೆಯಿಂದ ಬಂದ ಹಾಗಾಗುತ್ತದೆ.

ಅಳತೆ ಮುಗಿದ ಮೇಲೆ ಪರದೆಯಲ್ಲಿ ಸೆಂಟರಿನ ದೂರ ನೋಡಿ ಕೆಲವರು ಗಾಬರಿಯಾಗುತ್ತಾರೆ. ಟೇಪು ಹಿಡಿದರೆ 9 ಅಡಿ, ರಿಸೀವರ್ ಹೇಳುವುದು 12 ಅಡಿ. ರಿಸೀವರ್ ಹೇಳುವುದೇ ಸರಿ. ಈಗಿನ ಬಹಳಷ್ಟು ಆಕ್ಟಿವ್ ಸ್ಪೀಕರುಗಳೊಳಗೆ ಡಿಜಿಟಲ್ ಪ್ರೊಸೆಸರ್ ಇದ್ದು ಅದು ಕೆಲವು ಮಿಲಿಸೆಕೆಂಡ್ ತಡ ಮಾಡುತ್ತದೆ. ಒಂದು ಮಿಲಿಸೆಕೆಂಡ್ ಎಂದರೆ ಸುಮಾರು ಒಂದಡಿ ಎರಡು ಇಂಚು ದೂರ. ಆ ತಡವನ್ನು ರಿಸೀವರ್ ದೂರವೆಂದೇ ಲೆಕ್ಕ ಹಿಡಿದಿದೆ. ಟೇಪು ನಂಬಿ ತಿದ್ದಿದರೆ ಕೆಲಸ ಕೆಡುತ್ತದೆ. ಹಾಗೆಯೇ ಆಟೊ ಸ್ಟ್ಯಾಂಡ್‌ಬೈ ಇದ್ದರೆ ಬಂದ್ ಮಾಡಿಬಿಡಿ. ದೀರ್ಘ ಮೌನದ ನಂತರದ ಮೊದಲ ಪದವನ್ನೇ ನುಂಗುವ ಸ್ಪೀಕರು ಎಷ್ಟು ದುಬಾರಿಯದಾದರೇನು?

ಇಡುವ ಜಾಗ. ಶೋಕೇಸಿನ ಖಾನೆಯೊಳಗೆ ತುರುಕಬೇಡಿ, ಮಾತು ಮಡಕೆಯೊಳಗಿಂದ ಬಂದ ಹಾಗೆ ಗುಂಯ್‌ಗುಡುತ್ತದೆ. ಅನಿವಾರ್ಯವಾದರೆ ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಬರಲಿ, ಹಿಂದೆ ತೂತಿದ್ದರೆ ಅಲ್ಲಿ ಉಸಿರಾಡಲು ಜಾಗವಿರಲಿ, ಮತ್ತು ಹಿಂಬದಿಯ ಬಾಸ್ ಸ್ವಿಚ್ಚನ್ನು ಮೈನಸ್ 2 ಅಥವಾ ಮೈನಸ್ 4ಕ್ಕೆ ಇಳಿಸಿ. ಕೆಳಗಿದ್ದರೆ ಮುಂಭಾಗಕ್ಕೊಂದು ರಬ್ಬರ್ ತುಂಡು ಕೊಟ್ಟು ಕಿವಿಯ ಕಡೆಗೆ ಮುಖವೆತ್ತಿಸಿ.

ಹಂಚಿನ ಮಾಡಿನ ಹಳೆಯ ಮನೆಗಳ ಚಾವಡಿಯಲ್ಲಿ ಮಾತು ತಾನಾಗಿಯೇ ಚೆನ್ನಾಗಿ ಕೇಳುತ್ತಿತ್ತು. ಹಂಚಿನ ಸಂದುಗಳಿಂದ ದನಿ ಹೊರಗೆ ಹೋಗುತ್ತಿತ್ತು, ಪಕಾಸು ರೀಪುಗಳು ಉಳಿದದ್ದನ್ನು ಚದುರಿಸುತ್ತಿದ್ದವು. ಈಗಿನ ಟೆರೇಸು ಮನೆಯ ನುಣುಪು ಟೈಲ್ಸು, ಗಾಜು, ಬೋಳು ಗೋಡೆಗಳ ನಡುವೆ ಒಂದು ಚಪ್ಪಾಳೆ ತಟ್ಟಿದರೆ ಅದು ಕಂಪಿಸುತ್ತ ಉಳಿಯುತ್ತದೆ. ನೆಲಕ್ಕೊಂದು ದಪ್ಪ ಕಾರ್ಪೆಟ್, ಕಿಟಕಿಗೆ ಮಡಿಕೆ ಬೀಳುವಷ್ಟು ಅಗಲದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಇವಿಲ್ಲದ ಕೋಣೆಯಲ್ಲಿ ಲಕ್ಷ ರೂಪಾಯಿಯ ಸೆಂಟರೂ ಸೋಲುತ್ತದೆ.

ಕರೆಂಟಿನ ವಿಷಯಕ್ಕೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಆಕ್ಟಿವ್ ಸ್ಪೀಕರಿಗೆ ಅದರದೇ ಪ್ಲಗ್ಗು ಬೇಕು. ರಿಸೀವರ್ ಒಂದು ಗೋಡೆಯ ಬೋರ್ಡಿನಿಂದ, ಸ್ಪೀಕರು ಇನ್ನೊಂದು ಗೋಡೆಯದರಿಂದ ಕರೆಂಟು ಪಡೆದರೆ ಎರಡು ಅರ್ಥಿಂಗ್‌ಗಳ ನಡುವೆ ವ್ಯತ್ಯಾಸ ಹುಟ್ಟಿ 50 ಹರ್ಟ್ಸ್‌ನ ಗುಂಯ್ ಶುರುವಾಗುತ್ತದೆ. ಎಲ್ಲವೂ ಒಂದೇ ಬೋರ್ಡಿನಿಂದ ಹೋಗಲಿ. ಆಗಲೂ ಗುಂಯ್ ನಿಲ್ಲದಿದ್ದರೆ ಕೇಬಲ್ ಟಿವಿಯ ವಯರನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಳಚಿ ನೋಡಿ, ಹಲವು ಸಲ ಅಪರಾಧಿ ಅದೇ. ಅರ್ಥ್ ಪಿನ್ ಮುರಿದು ಗುಂಯ್ ನಿಲ್ಲಿಸುವುದು ಜೀವಕ್ಕೆ ಅಪಾಯ. ನಮ್ಮ ಮುರಕಲ್ಲಿನ ನೆಲದಲ್ಲಿ ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್, ಮೇ ಹೊತ್ತಿಗೆ ಒಣಗಿ ದುರ್ಬಲವಾಗುತ್ತದೆ. ಅರ್ಥಿಂಗ್ ಹೊಂಡಕ್ಕೆ ಆಗಾಗ ನೀರು ಹೊಯ್ಯಿರಿ, ಎಲೆಕ್ಟ್ರಿಷಿಯನ್ನಿಂದ ಅಳೆಸಿರಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್‌ನದ್ದಿರಲಿ. ಮೋಡ ಕಟ್ಟಿದೊಡನೆ, ಗುಡುಗು ಶುರುವಾಗುವ ಮೊದಲೇ ಪ್ಲಗ್ಗು ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಕರೆಂಟಿನ ಪ್ಲಗ್ಗಿನ ಜೊತೆಗೆ ಕೇಬಲ್ ವಯರು, ಇಂಟರ್ನೆಟ್ ವಯರು ಕೂಡ. ಮಳೆ ಹಿಡಿಯುವ ಮುಂಚೆ, ಮಳೆ ಬಿಡುವ ಅಕ್ಟೋಬರಿನಲ್ಲಿ ಇದು ದಿನದ ರೂಢಿಯಾಗಬೇಕು.

ಮರವಂತೆಯಂಥ ಕಡಲಂಚಿನ ಮನೆಯವರು ಉಪ್ಪುಗಾಳಿಗೆ ಕಿಲುಬು ಹಿಡಿಯುವ ಆರ್‌ಸಿಎ ಕನೆಕ್ಟರುಗಳನ್ನು ಮಳೆಗಾಲದ ನಂತರ ಕಳಚಿ ಒರೆಸಿ ಹಾಕಿ. ಬೆಂಗಳೂರು, ಮುಂಬಯಿಯಲ್ಲಿ ಹೋಟೆಲು ನಡೆಸುತ್ತ ಊರಮನೆಗೆ ರಜೆಯಲ್ಲಷ್ಟೇ ಬರುವವರು ಸ್ಪೀಕರನ್ನು ಬೀಗ ಹಾಕಿದ ಕೋಣೆಯ ಬೂಷ್ಟಿಗೆ ಒಪ್ಪಿಸದೆ, ಬಳಸುವ ನೆಂಟರ ಮನೆಯಲ್ಲಿ ಇಟ್ಟುಹೋಗುವುದು ವಾಸಿ.

ಟೆರೇಸಿನ ಮೇಲೆ ಶೀಟು ಹಾಕಿದ ಮನೆಗಳಲ್ಲಿ ಜೂನ್, ಜುಲೈ ಮಳೆ ಮಾತನ್ನು ಮುಳುಗಿಸುತ್ತದೆ. ಆಗ ಒಟ್ಟು ವಾಲ್ಯೂಮ್ ಏರಿಸುತ್ತ ಹೋದರೆ ಹೊಡೆದಾಟ ಬಂದಾಗ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಸೆಂಟರನ್ನು ಮಾತ್ರ 3 ಡೆಸಿಬಲ್ ಏರಿಸಿ, ಮಳೆ ಬಿಟ್ಟಾಗ ಇಳಿಸಿ. ಆಕ್ಟಿವ್ ಸೆಂಟರಿನ ಗುಣ ಇಲ್ಲಿ ಗೊತ್ತಾಗುತ್ತದೆ: ಏರಿಸಿದರೂ ದನಿ ಕಿರುಚುವುದಿಲ್ಲ.

ನಮ್ಮ ಕೇಳ್ಮೆಯ ಬಹುಪಾಲು ಸೆಂಟರಿಗೆ ಬೇರೆಯೇ ಚಾನೆಲ್ ಇರುವ 5.1ರದ್ದಲ್ಲ ಎಂಬುದನ್ನೂ ಹೇಳಬೇಕು. ಯೂಟ್ಯೂಬಿನ ಯಕ್ಷಗಾನ ಹೆಚ್ಚಾಗಿ ಸ್ಟೀರಿಯೊ. ರಿಸೀವರಿನಲ್ಲಿ ಡಾಲ್ಬಿ ಸರೌಂಡ್ ಎಂಬ ವಿಧಾನ ಆರಿಸಿದರೆ ಎಡ ಬಲ ಎರಡರಲ್ಲೂ ಸಮನಾಗಿರುವ ದನಿ ಸೆಂಟರಿಗೆ ಬರುತ್ತದೆ. ಭಾಗವತರ ಪದ, ಅರ್ಥಧಾರಿಯ ಮಾತು ಸಾಮಾನ್ಯವಾಗಿ ಹೀಗೆ ಸಮನಾಗಿಯೇ ಇರುತ್ತವೆ. ಹೊಸ ಸೆಂಟರನ್ನು ಪರೀಕ್ಷಿಸಲು ತಾಳಮದ್ದಲೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ವೇಷವಿಲ್ಲ, ಕುಣಿತವಿಲ್ಲ, ತಾಸುಗಟ್ಟಲೆ ಮಾತು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ದನಿ ತಗ್ಗಿಸಿ ಆಡಿದ ಮಾತಿನ ಕೊನೆಯ ಅಕ್ಷರವೂ ಬದಿ ಸೋಫಾಕ್ಕೆ ಮುಟ್ಟುತ್ತದೆಯೇ ಎಂದು ಕೂತು ಕೇಳಿ.

ಹಳೆಯ ಕ್ಯಾಸೆಟ್ಟಿನ ಧ್ವನಿಮುದ್ರಣಗಳಿಗೆ ಇನ್ನೂ ಸರಳ ದಾರಿಯಿದೆ. 1990ರಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದಗಳು ಊರಿನ ಎಷ್ಟೋ ಮನೆಗಳಲ್ಲಿ ಕ್ಯಾಸೆಟ್ಟಿನಿಂದ ಮೊಬೈಲಿಗೆ ಬಂದು ಉಳಿದಿವೆ, ಹಲವು ಮೋನೊದಲ್ಲೇ. ಒಂದು ಮೈಕಿನಲ್ಲಿ ಹಿಡಿದದ್ದನ್ನು ಒಂದು ಸ್ಪೀಕರಿನಿಂದ ಕೇಳುವುದೇ ನ್ಯಾಯ. ಎಡ ಬಲಗಳನ್ನು ಬಂದ್ ಮಾಡಿ, ಕ್ಯಾಸೆಟ್ಟಿನ ಗುರುಗುಟ್ಟುವಿಕೆಯನ್ನೇ ದೊಡ್ಡದು ಮಾಡುವ ಸಬ್‌ವೂಫರನ್ನೂ ಬಂದ್ ಮಾಡಿ, ಸೆಂಟರ್ ಒಂದರಿಂದಲೇ ಹಾಡಿಸಿ. ಆ ಏರುದನಿ ಒಂದೇ ಬಿಂದುವಿನಿಂದ ಎದ್ದು ಬರುವಾಗ, ಎರಡು ಸ್ಪೀಕರುಗಳ ನಡುವೆ ಹರಡಿ ತೆಳುವಾಗಿದ್ದದ್ದು ಮತ್ತೆ ಮೈದುಂಬಿಕೊಳ್ಳುತ್ತದೆ. ರಿಸೀವರಿನಲ್ಲಿ ಈ ಜೋಡಣೆಗೆ ಒಂದು ಬಟನ್ ಮೀಸಲಿಡಿ. ಮನೆಯ ಹಿರಿಯರಿಗೆ ಆ ಒಂದು ಬಟನ್ ತೋರಿಸಿಕೊಟ್ಟರೆ ಸಾಕು.