ಕಿತ್ತುಹೋದ ಚಪ್ಪಲಿಯೂ ಆರ್.ಎಚ್. ಕ್ಯಾಂಪೂ

ರಾಯಚೂರಿನಿಂದ ಮಾನ್ವಿ, ಪೋತ್ನಾಳ, ಜವಳಗೇರಾ ಹಾದು ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕೂತವರ ಕಿವಿಗೆ ಒಂದು ಮಾತು ಮತ್ತೆ ಮತ್ತೆ ಬೀಳುತ್ತದೆ: ಕ್ಯಾಂಪು. 'ಕ್ಯಾಂಪಿಗೆ ಒಂದು ಟಿಕೆಟ್', 'ಕ್ಯಾಂಪಿನ್ಯಾಗ ನೆಲ್ಲು ನಾಟಿ ಅದ', 'ಅವರು ಕ್ಯಾಂಪಿನವರು'. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಇಲ್ಲಿ ಜಮೀನು ಹಿಡಿದರು. ಅವರು ಕಟ್ಟಿಕೊಂಡ ಊರುಗಳೂ ಕ್ಯಾಂಪುಗಳೇ. ಅದೇ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ಹಿಂದೂ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಜಾಗವೂ ಕ್ಯಾಂಪು. ಅವಕ್ಕೆ ಊರಿನ ಹೆಸರಿಲ್ಲ, ನಂಬರಿದೆ: ಆರ್.ಎಚ್. ಕ್ಯಾಂಪ್ ಎರಡು, ಮೂರು, ನಾಲ್ಕು, ಹೀಗೆ. 'ಆರ್.ಎಚ್.' ಎಂದರೆ ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಪದದ ಮೊಟಕು ರೂಪ. ದುಡ್ಡು ತಂದು ಹೊಲ ಕೊಂಡವನೂ ಕ್ಯಾಂಪಿನವನೇ, ಉಟ್ಟ ಬಟ್ಟೆಯಲ್ಲಿ ಗಡಿ ದಾಟಿದವನೂ ಕ್ಯಾಂಪಿನವನೇ. ಭಾಷೆ ಬಿಡಿಸಿ ಹೇಳದ ಈ ವ್ಯತ್ಯಾಸವನ್ನು ಕಲೆಯಾದರೂ ಬಿಡಿಸಿ ತೋರಿಸಬೇಕಿತ್ತು. ತೋರಿಸಿದೆಯೇ?

ವರ್ಷಕ್ಕೊಮ್ಮೆ ಆರ್.ಎಚ್. ಕ್ಯಾಂಪುಗಳು ಜಿಲ್ಲೆಯ ಪತ್ರಿಕೆಗಳಿಗೆ ನೆನಪಾಗುತ್ತವೆ, ದಸರೆಗೆ. ಪೆಂಡಾಲು, ಹತ್ತು ಕೈಯ ದುರ್ಗೆ, ಕೆಂಪಂಚಿನ ಬಿಳಿ ಸೀರೆಯ ಹೆಂಗಸರು. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. 'ಸಿಂಧನೂರಿನಲ್ಲಿ ಮಿನಿ ಬಂಗಾಳ' ಎಂಬ ಧಾಟಿಯ ಶೀರ್ಷಿಕೆಗೂ ಕೊರತೆಯಿಲ್ಲ. ತೊಂದರೆ ಇರುವುದು ಬೇರೆ ಕಡೆ. ಹಬ್ಬದ ದಿನದ ನಿರಾಶ್ರಿತ ನೋಡುವವನಿಗೆ ಯಾವ ಪ್ರಶ್ನೆಯನ್ನೂ ಹಾಕುವುದಿಲ್ಲ. 1970ರ ದಶಕದಲ್ಲಿ ಬಂದು ಗದ್ದೆ ಮಾಡಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿ, ಮೊಮ್ಮಕ್ಕಳನ್ನು ಕಂಡವರ ನಡುವೆಯೂ ಪೌರತ್ವದ ಕಾಗದಕ್ಕೆ ಕಾದು ಕೂತವರಿದ್ದರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್‌ನಲ್ಲಿ ನಿಯಮಗಳು ಬಂದವು. ಆ ಆಗಸ್ಟ್‌ನಲ್ಲಿ ಈ ಕ್ಯಾಂಪುಗಳ ಐದು ಮಂದಿಗೆ ಪ್ರಮಾಣಪತ್ರ ಸಿಕ್ಕ ಸುದ್ದಿ ಪ್ರಕಟವಾಯಿತು. ಅರ್ಧ ಶತಮಾನ ಕಾಗದವೊಂದನ್ನು ಕಾಯುವುದು ಅಂದರೆ ಏನು ಎಂಬುದು ಪೆಂಡಾಲಿನ ಫೋಟೊದಲ್ಲಿ ಮೂಡುವ ಸಂಗತಿಯಲ್ಲ; ಅದಕ್ಕೆ ಕತೆ ಬೇಕು, ನಾಟಕ ಬೇಕು, ಸಿನಿಮಾ ಬೇಕು.

ಸಿನಿಮಾ ಒಂದಿದೆ, ಕನ್ನಡದ್ದಲ್ಲ. ಢಾಕಾದಲ್ಲಿ ಹುಟ್ಟಿ, ದೇಶ ವಿಭಜನೆಯ ಗಾಯವನ್ನು ಕೊನೆಯತನಕ ಕೆರೆದುಕೊಂಡೇ ಬದುಕಿದ ಋತ್ವಿಕ್ ಘಟಕ್ 1960ರಲ್ಲಿ ತೆಗೆದ 'ಮೇಘೆ ಢಾಕಾ ತಾರಾ'. ಕೋಲ್ಕತ್ತದ ಅಂಚಿನ ನಿರಾಶ್ರಿತರ ಕಾಲೊನಿ. ಮನೆಯ ಹಿರಿಮಗಳು ನೀತಾ ದುಡಿಯುತ್ತಾಳೆ, ಉಳಿದವರು ಉಣ್ಣುತ್ತಾರೆ. ಅಣ್ಣ ಸಂಗೀತಗಾರನಾಗಬೇಕು, ತಮ್ಮನಿಗೆ ಬೂಟು ಬೇಕು, ತಂಗಿಗೆ ಸೀರೆ ಬೇಕು. ಕೊನೆಗೆ ಅಕ್ಕ ಮೆಚ್ಚಿದ ಹುಡುಗನೂ ತಂಗಿಯ ಪಾಲಾಗುತ್ತಾನೆ. ತಾಯಿಗೆ ಅದು ಗೊತ್ತು. ಗೊತ್ತಿದ್ದೂ ಸುಮ್ಮನಿರುತ್ತಾಳೆ, ಏಕೆಂದರೆ ನೀತಾ ಮದುವೆಯಾಗಿ ಹೋದರೆ ಒಲೆ ಆರುತ್ತದೆ. ಗಡಿ, ಹೆಣ, ಬೆಂಕಿ ಒಂದನ್ನೂ ಘಟಕ್ ತೋರಿಸುವುದಿಲ್ಲ. ಸಿನಿಮಾದ ಶುರುವಿನಲ್ಲೇ ನೀತಾಳ ಚಪ್ಪಲಿ ಕಿತ್ತುಹೋಗುತ್ತದೆ. ಒಮ್ಮೆ ಬಗ್ಗಿ ನೋಡಿ, ಕಾಲೆಳೆಯುತ್ತ ಮುಂದೆ ನಡೆಯುತ್ತಾಳೆ. ಸಂಬಳದ ದಿನವೂ ತನಗೊಂದು ಜೊತೆ ಚಪ್ಪಲಿ ಕೊಳ್ಳಲು ಅವಳಿಗೆ ಆಗುವುದಿಲ್ಲ. ಅವಳು ಕ್ಷಯ ಹಿಡಿದು ಶಿಲ್ಲಾಂಗ್‌ನ ಆಸ್ಪತ್ರೆ ಸೇರಿದ ಮೇಲೆ ಅದೇ ಕಾಲೊನಿಯ ದಾರಿಯಲ್ಲಿ ಇನ್ನೊಬ್ಬ ಹುಡುಗಿ ಬರುತ್ತಾಳೆ. ಅವಳ ಚಪ್ಪಲಿಯೂ ಕಿತ್ತುಹೋಗುತ್ತದೆ.

ನಿರಾಶ್ರಿತರ ಬದುಕನ್ನು ಹೊರಗಿನವರಿಗೆ ತಿಳಿಸುವ ಕೆಲಸದಲ್ಲಿ ಚಪ್ಪಲಿಯ ಈ ಒಂದು ಬಾರು ಮಾಡಿದ್ದನ್ನು ನೂರು ಭಾಷಣ ಮಾಡಲಾರವು. ನೋಡುವವನು ಮೊದಲು ತನ್ನ ಮನೆಯ ಅಕ್ಕನನ್ನು ಗುರುತಿಸುತ್ತಾನೆ. ಅವಳು ನಿರಾಶ್ರಿತಳು ಅನ್ನುವುದು ಆಮೇಲೆ ಹೊಳೆಯುತ್ತದೆ. ಹಾಗೆಂದು ಸಿನಿಮಾ ಕುಂದಿಲ್ಲದ್ದೇನಲ್ಲ. ನೀತಾ ನೊಂದಾಗ ಹಿನ್ನೆಲೆಯಲ್ಲಿ ಚಾಟಿಯೇಟಿನ ಸದ್ದು ಕೇಳಿಸುವುದು ಮೊದಲ ಸಲ ಮೈ ಜುಮ್ಮೆನಿಸಿದರೂ ಮತ್ತೊಮ್ಮೆ ಬಂದಾಗ ನಿರ್ದೇಶಕ ನಮ್ಮ ಭುಜ ತಟ್ಟಿ 'ಈಗ ಅಳು' ಅಂದ ಹಾಗಾಗುತ್ತದೆ.

ಇದಕ್ಕಿಂತ ದೊಡ್ಡ ತಕರಾರು ಸಿಂಧನೂರಿನ ಕಡೆಯಿಂದ ಏಳಬೇಕು. ನೀತಾಳ ಅಪ್ಪ ಮೇಷ್ಟ್ರು. ಇಂಗ್ಲಿಷ್ ಕವಿತೆ ಬಾಯಿಪಾಠ ಹೇಳುವವನು. ಅಂಥ ಕುಟುಂಬಗಳು ಕೋಲ್ಕತ್ತದ ಸುತ್ತ ಕಾಲೊನಿ ಕಟ್ಟಿಕೊಂಡು ನಗರದಲ್ಲೇ ಉಳಿದವು. ಆಮೇಲೆ ಬಂದ ಬಡ ರೈತರು, ಮೀನುಗಾರರು, ಹೆಚ್ಚಾಗಿ ನಾಮಶೂದ್ರರು; ಅವರಿಗೆ ಕೋಲ್ಕತ್ತದಲ್ಲಿ ಜಾಗ ಸಿಗಲಿಲ್ಲ. ಅವರನ್ನು 1958ರಲ್ಲಿ ಶುರುವಾದ ದಂಡಕಾರಣ್ಯ ಯೋಜನೆಗೆ, ಇನ್ನೂ ದೂರದ ರಾಜ್ಯಗಳಿಗೆ ಕಳಿಸಲಾಯಿತು. ಹಾಗೆ ದೂರ ಬಂದವರಲ್ಲಿ ಸಿಂಧನೂರಿನವರೂ ಸೇರಿದ್ದಾರೆ. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಇಲ್ಲಿಯೂ ಆ ಮಾನ್ಯತೆ ಬೇಕೆಂಬ ಕೂಗು ಕ್ಯಾಂಪುಗಳಲ್ಲಿ ಹಳೆಯದು. ಘಟಕ್ ಕಂಡದ್ದು ತನ್ನಂಥವರ ಸಂಕಟವನ್ನು. ನೀರು, ದೋಣಿ, ಬಲೆ ಬಿಟ್ಟು ಎರೆಭೂಮಿಯ ಬಿಸಿಲಿಗೆ ಬಂದು ಬಿದ್ದವರನ್ನಲ್ಲ. ಅವರ ಕತೆಯನ್ನು ಬರೆದದ್ದು ಅವರೊಳಗಿನವರೇ ಆದ ಮನೋರಂಜನ್ ಬ್ಯಾಪಾರಿ: ಬರಿಶಾಲದಲ್ಲಿ ಹುಟ್ಟಿ, ನಿರಾಶ್ರಿತರ ಶಿಬಿರದಲ್ಲಿ ಬೆಳೆದು, ಕೋಲ್ಕತ್ತದಲ್ಲಿ ರಿಕ್ಷಾ ಎಳೆದವರು. ಒಂದು ದಿನ ಅವರ ರಿಕ್ಷಾ ಹತ್ತಿದ ಮಹಾಶ್ವೇತಾ ದೇವಿ 'ಬರೆಯಿರಿ' ಅಂದ ಮೇಲೆ ಲೇಖಕರಾದರು. ಅವರ ಆತ್ಮಕತೆಯಲ್ಲಿ ಹಸಿವು ಉಪಮೆಯಾಗಿ ಬರುವುದಿಲ್ಲ, ಹಸಿವಾಗಿಯೇ ಬರುತ್ತದೆ. ಆರ್.ಎಚ್. ಕ್ಯಾಂಪಿನ ಮುದುಕರು ಘಟಕ್‌ಗಿಂತ ಬ್ಯಾಪಾರಿಗೆ ಹತ್ತಿರದ ನೆಂಟರು.

ಓಡಿಹೋಗುವುದು ಅಂದರೆ ಏನೆಂದು ರಾಯಚೂರಿಗೆ ಬಂಗಾಳದವರೇ ಬಂದು ಹೇಳಬೇಕಿಲ್ಲ ಎಂಬುದು ಈ ವಿಷಯದ ಇನ್ನೊಂದು ಮಗ್ಗುಲು. 1947-48ರಲ್ಲಿ ಇದು ನಿಜಾಮನ ಸೀಮೆ, ತುಂಗಭದ್ರೆಯ ಆಚೆ ದಡ ಮದ್ರಾಸ್ ಪ್ರಾಂತ. ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಹೈದರಾಬಾದ್ ಕರ್ನಾಟಕದ ಜನ ಮಕ್ಕಳುಮರಿ ಕಟ್ಟಿಕೊಂಡು ಗಡಿ ದಾಟಿದರು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಹೋರಾಟದ ಶಿಬಿರ ನಡೆಸಿದರು. ಪ್ರತಿ ಸೆಪ್ಟೆಂಬರ್ 17ರ ವಿಮೋಚನಾ ದಿನಕ್ಕೆ ಶಾಲೆಗಳಲ್ಲಿ ಈ ಹೋರಾಟದ ರೂಪಕ ಆಡಿಸುತ್ತಾರೆ. ರೂಪಕದಲ್ಲಿ ವೀರರಿರುತ್ತಾರೆ, ಕಟ್ಟಿಗೆಯ ಬಂದೂಕು ಹಿಡಿದ ರಜಾಕಾರರಿರುತ್ತಾರೆ, ಕೊನೆಗೆ ಧ್ವಜ ಏರುತ್ತದೆ. ರಾತ್ರೋರಾತ್ರಿ ದನದ ಕಣ್ಣಿ ಬಿಚ್ಚಿ, ಜೋಳದ ಹಗೇವು ಮುಚ್ಚಿ ಹೊರಟ ಸಂಸಾರ ಇರುವುದಿಲ್ಲ. ನಿಜಾಮನ ವಿರುದ್ಧದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಬೀದರ್, ಕಲಬುರಗಿಯ ಕಡೆ ಊರು ಬಿಟ್ಟ ಮುಸ್ಲಿಂ ಸಂಸಾರವಂತೂ ಇಲ್ಲವೇ ಇಲ್ಲ. ಆಗಿನ ಹಿಂಸೆಯನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯ ವರದಿಯೇ ದಶಕಗಳ ಕಾಲ ಕಪಾಟಿನಲ್ಲಿ ಕೂತಿತ್ತು. ಶಾಲೆಯ ರೂಪಕವನ್ನು ದೂರಿ ಏನು ಬಂತು?

ಇನ್ನು ಇದೇ ಜಿಲ್ಲೆಯ ದೇವದುರ್ಗ. ಇಲ್ಲಿ ನಿರಾಶ್ರಿತ ಎಂಬ ಪದ ನಡೆಯುವುದಿಲ್ಲ, ನಡೆಯುವುದು 'ಗುಳೆ'. ಸುಗ್ಗಿ ಮುಗಿದರೆ ಬಸ್‌ ನಿಲ್ದಾಣದಲ್ಲಿ ಗೊಬ್ಬರದ ಚೀಲದಲ್ಲಿ ಪಾತ್ರೆ, ಹೆಗಲ ಮೇಲೆ ಕೂಸು, ಬೆಂಗಳೂರಿನ ಬಸ್ಸು. ಹಿಂದೆ ಉಳಿಯುವುದು ಬೀಗ, ಅಜ್ಜಿ, ಮೊಮ್ಮಕ್ಕಳು. 'ಅಪ್ಪ ಎಲ್ಲಿ?' ಅಂದರೆ ಹುಡುಗರ ಉತ್ತರ ಒಂದೇ: 'ದುಡಿಯಾಕ ಹೋಗ್ಯಾನ.' ಗುಳೆ ಹೋದವನನ್ನು ನಿರಾಶ್ರಿತ ಎಂದು ಕರೆಯುವುದು ತಪ್ಪು. ಅವನು ಗಡಿ ದಾಟಿಲ್ಲ, ಅವನ ಹತ್ತಿರ ಮತದಾರರ ಚೀಟಿ ಇದೆ, ಅವನು ಮರಳಿ ಬರುತ್ತಾನೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯನ್ನೇ ಹಾಕಿಲ್ಲವಾದ್ದರಿಂದ ನಮ್ಮಲ್ಲಿ ಈ ಪದಗಳು ಸಡಿಲವಾಗಿ ಓಡಾಡುತ್ತವೆ, ಸಡಿಲಗೊಳಿಸಿದಷ್ಟೂ ನಿಜವಾದ ನಿರಾಶ್ರಿತನ ಕಾಗದದ ಸಂಕಟ ಮರೆಯಾಗುತ್ತದೆ. ಆದರೂ ದೇವದುರ್ಗದ ಪ್ರೇಕ್ಷಕನಿಗೆ ಕ್ಯಾಂಪಿನ ಕತೆ ಮುಟ್ಟುವುದಾದರೆ ಈ ಬೀಗದ ಮೂಲಕವೇ ಮುಟ್ಟಬೇಕು.

ಇಲ್ಲಿ ಬೀದಿನಾಟಕಗಳು ಮಾಡಿದ ಅನ್ಯಾಯವನ್ನು ಹೇಳದೆ ವಿಧಿಯಿಲ್ಲ. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬೀದಿಯನ್ನು ರಂಗ ಮಾಡಿದಾಗ ಆ ರೂಪಕ್ಕೆ ಸಿಟ್ಟಿತ್ತು, ಅಧಿಕಾರದ ಮುಖಕ್ಕೆ ಹೊಡೆದ ಹಾಗೆ ಕೇಳುವ ಧೈರ್ಯವಿತ್ತು. ಅದೇ ರೂಪವನ್ನು ಇಲಾಖೆಗಳ ಕಲಾಜಾಥಾಗಳು ಬಾಡಿಗೆಗೆ ಹಿಡಿದ ಮೇಲೆ ಹಲಗಿ ಮಾತ್ರ ಉಳಿಯಿತು. ಗುಳೆ ಹೋಗುವವನು ಅಲ್ಲಿ ತಿಳಿಗೇಡಿ. ಅರಿವಿದ್ದ ಪಾತ್ರವೊಂದು ಬಂದು ಉದ್ಯೋಗ ಖಾತ್ರಿಯಲ್ಲಿ ಇಷ್ಟು ದಿನ ಕೆಲಸ ಉಂಟೆಂದು ಪಾಠ ಹೇಳುತ್ತದೆ, ಅವನು ತಲೆಯಾಡಿಸುತ್ತಾನೆ, ಹಾಡು ಮುಗಿಯುತ್ತದೆ. ಉಳಿದ ದಿನಗಳಿಗೆ ಏನು ಎಂದು ಆ ಪಾತ್ರ ಕೇಳುವುದಿಲ್ಲ. ಸುತ್ತ ನಿಂತವರು ಕೇಳಿಕೊಳ್ಳುತ್ತಾರೆ, ಮನಸ್ಸಿನಲ್ಲಿ.

ಇದಕ್ಕೆ ಎದುರಾಗಿ ಗಿರೀಶ ಕಾಸರವಳ್ಳಿಯವರ 'ದ್ವೀಪ'ವನ್ನು ಇಡಬಹುದು. ನಾ. ಡಿಸೋಜರ ಕಾದಂಬರಿಯಿಂದ ಮೂಡಿದ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದ ಚಿತ್ರ. ಮಲೆನಾಡಿನ ಮಳೆ, ಏರುವ ಹಿನ್ನೀರು, ಮುಳುಗುವ ಮನೆಯಲ್ಲಿ ಮೂವರು. ಬಿಸಿಲುನಾಡಿಗೆ ಇದು ಪರದೇಶದ ಕತೆ ಅನ್ನಿಸಬಹುದು. ಆದರೆ ಪರಿಹಾರದ ಲೆಕ್ಕ ಹಾಕುವ ಗಣಪ ಮಾನ್ವಿಯವನಿಗೆ ಗುರುತಿನವನೇ. ನೆಲ ತನ್ನ ಹೆಸರಿನಲ್ಲಿಲ್ಲದವನ ಕೈಗೆ ಬರುವ ಹಣ ಹೊಸ ಬಾಳಿಗೆ ಸಾಲದು, ತನ್ನದೆಂದು ತಿಳಿದ ಗುಡಿಗೆ, ಗೌರವಕ್ಕೆ ಆ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ಚಿತ್ರದ ಕೊನೆಯಲ್ಲಿ ನೀರು ಇಳಿದಾಗ ಗಣಪ ದೇವರಿಗೆ ಕೈಮುಗಿಯುತ್ತಾನೆ. ರಾತ್ರಿಯಿಡೀ ಹೆಣಗಿ ಮನೆ ಉಳಿಸಿದ ಹೆಂಡತಿ ನಾಗಿಯ ಮುಖದಲ್ಲಿ ಆಡದ ಮಾತು ಉಳಿಯುತ್ತದೆ. ನಟಿ ಸೌಂದರ್ಯ ಆ ಮುಖವನ್ನು ಚಲನೆಯಿಲ್ಲದೆ ಹಿಡಿದಿರುವುದು ಕನ್ನಡ ಸಿನಿಮಾದ ಅಪರೂಪದ ಗಳಿಗೆಗಳಲ್ಲೊಂದು. ನೀತಾ, ನಾಗಿ ಇಬ್ಬರದೂ ಒಂದೇ ಲೆಕ್ಕ: ನೆಲೆ ತಪ್ಪಿದ ಮನೆಯನ್ನು ಹೆಂಗಸು ಹೊರುತ್ತಾಳೆ, ಜಮಾಖರ್ಚಿನಲ್ಲಿ ಅವಳ ಹೆಸರಿರುವುದಿಲ್ಲ.

ಹೊರಗಿನ ಜಗತ್ತು ಈ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡಿ ನೋಡಿದೆ. 2021ರಲ್ಲಿ ಸಿರಿಯಾದ ಹುಡುಗಿಯ ರೂಪದ ಮೂರೂವರೆ ಮೀಟರ್ ಎತ್ತರದ ಗೊಂಬೆ 'ಲಿಟಲ್ ಅಮಲ್' ಟರ್ಕಿಯಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ವರೆಗೆ ಸುಮಾರು 8,000 ಕಿಲೋಮೀಟರ್ ನಡೆಯಿತು. ಬೀದಿ ತುಂಬ ಜನ ಸೇರಿದರು, ಮಕ್ಕಳು ಕೈಹಿಡಿದರು. ಅಮಲ್ ಮಾತಾಡುವುದಿಲ್ಲ. ಅದೇ ಅವಳ ಶಕ್ತಿ, ಅದೇ ಅವಳ ಮಿತಿಯೂ ಹೌದು. ಮಾತಾಡದ ನಿರಾಶ್ರಿತೆಯನ್ನು ಪ್ರೀತಿಸುವುದು ಸುಲಭ. ಜಾತಿ ಪ್ರಮಾಣಪತ್ರ ಕೊಡಿ ಎಂದು ಕೇಳುವವಳನ್ನು ಪ್ರೀತಿಸುವುದು ಅಷ್ಟು ಸುಲಭವಲ್ಲ. ನಮ್ಮ ತೊಗಲು ಗೊಂಬೆಗಳು ಆಳೆತ್ತರದವಲ್ಲ, ಆದರೆ ಬಾಯಿ ಜೋರು. ಈ ಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಪಡೆದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ಸೀಮೆ ಕೊಪ್ಪಳ, 1997ರವರೆಗೆ ರಾಯಚೂರು ಜಿಲ್ಲೆಯದೇ ಭಾಗ. ಊರೂರು ಅಲೆಯುತ್ತಲೇ ಕತೆ ಕಟ್ಟಿದ ಸಮುದಾಯ ಅವರದು. ಅವರ ಪರದೆಯ ಹಿಂದೆ ರಾಮ ಕಾಡಿಗೆ ಹೋಗುವಾಗ ಹಾಸ್ಯದ ಗೊಂಬೆಗಳಾದ ಬಂಗಾರಕ್ಕನೂ ಕಿಳ್ಳೇಕ್ಯಾತನೂ ನಡುವೆ ನುಗ್ಗಿ ಊರಿನ ಗೌಡನನ್ನೇ ಕಾಲೆಳೆಯುತ್ತಾರೆ. ಕರುಣೆಯಲ್ಲೇ ತೊಯ್ದುಹೋಗುವ ನಿರಾಶ್ರಿತ ಕಲೆಗೆ ಬೇಕಾದದ್ದು ಈ ತುಂಟತನ.

ರಾಯಚೂರಿನಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರವಿದೆ. ಅಲ್ಲಿ 'ಮೇಘೆ ಢಾಕಾ ತಾರಾ' ತೋರಿಸಿದರೆ ತೆರೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಳ್ಳುವವರು ಮುಂದಿನ ನಾಲ್ಕು ಸಾಲಿನವರು ಮಾತ್ರ. ಅದಕ್ಕಿಂತ ಹಳೆಯ ಉಪಾಯವೊಂದು ನಮ್ಮಲ್ಲೇ ಇದೆ, ಪುರಾಣ ಹೇಳುವಾಗ ಒಬ್ಬರು ಓದಿ ಇನ್ನೊಬ್ಬರು ಅರ್ಥ ಬಿಡಿಸುವುದು. ಸಿನಿಮಾದ ಪಕ್ಕದಲ್ಲಿ ನಿಂತು ಬಂಗಾಲಿಯನ್ನು ರಾಯಚೂರು ಕನ್ನಡಕ್ಕೆ ತಿರುಗಿಸುವ, ಬೇಕಾದ ಕಡೆ ತಡೆದು 'ನಮ್ಮ ಕ್ಯಾಂಪಿನ್ಯಾಗ ಹಿಂಗ ಇರಲಿಲ್ಲ ನೋಡ್ರಿ' ಎಂದು ಘಟಕ್‌ನನ್ನೇ ತಿದ್ದುವ ಒಬ್ಬರು ಬೇಕು. ಅಡುಗೆಮನೆಯಲ್ಲಿ ಬಂಗಾಲಿ, ಶಾಲೆಯಲ್ಲಿ ಕನ್ನಡ ಕಲಿತು ದೊಡ್ಡವರಾದ ಅಂಥ ತರುಣ ತರುಣಿಯರು ಸಿಂಧನೂರಿನಿಂದ ಮಾನ್ವಿಯ ಬಸ್ಸು ಹಿಡಿದು ದಿನವೂ ಓಡಾಡುತ್ತಾರೆ.